ಚಾರ್ಟ್ ನೋಡಿ ಟ್ರೇಡ್ ಮಾಡೋದು ಪಾಪಾನಾ, ಬ್ರದರ್?

ಸತ್ಯವೇದ ತಂದಿರೋರು ಧರ್ಮೋಪದೇಶಕಾಂಡ 18ನೇ ಅಧ್ಯಾಯದ ಕೊನೆಯ ಎರಡು ವಚನ ತೆಗೆದಿಟ್ಟುಕೊಳ್ಳಿ. ಇನ್ನೊಂದು ಬೆರಳನ್ನ ಮತ್ತಾಯ 16ನೇ ಅಧ್ಯಾಯದ ಮೊದಲ ಮೂರು ವಚನದ ಹತ್ತಿರ ಇಡಿ. ಎರಡಕ್ಕೂ ಬರ್ತೀನಿ.

ನಮ್ಮ ನಿಜಲಿಂಗಪ್ಪ ಬಡಾವಣೆಯ ಯೌವನಸ್ಥರ ಕೂಟದಲ್ಲಿ ಇತ್ತೀಚೆಗೆ ಮತ್ತೆ ಮತ್ತೆ ಬರೋ ಪ್ರಶ್ನೆ ಒಂದಿದೆ. "ಬ್ರದರ್, ಬಿಟ್‌ಕಾಯಿನ್ ಚಾರ್ಟ್ ನೋಡಿ ಟ್ರೇಡ್ ಮಾಡೋದು ಪಾಪಾನಾ?" ಕೇಳೋರು ಸೋಮಾರಿಗಳಲ್ಲ. ಇಂಜಿನಿಯರಿಂಗ್ ಓದೋರು, ಮನೆಯಿಂದಲೇ ಕಂಪನಿ ಕೆಲಸ ಮಾಡೋರು, ಅಪ್ಪನ ಅಂಗಡಿಯ ಗಲ್ಲಾದ ಮೇಲೆ ಕೂರೋರು. ನಾನು "ಹೌದು, ಪಾಪ" ಅಂದ್ರೆ ಮೊಬೈಲು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತೆ, ಅಷ್ಟೇ. "ಪಾಪ ಅಲ್ಲ" ಅಂದ್ರೆ ಅಮ್ಮನ ಸರ ಗೋಲ್ಡ್ ಲೋನಿಗೆ ಹೋಗುತ್ತೆ. ಅದಕ್ಕೇ ಇವತ್ತು ಒಂದು ಪದದ ಉತ್ತರ ಕೊಡೋದಿಲ್ಲ. ಕುಳಿತು ಬಿಡಿಸಿ ನೋಡೋಣ.

ಮೊದಲು, ಈ ಚಾರ್ಟ್ ಅಂದ್ರೆ ಏನು? ಒಂದು ಗಂಟೆಯಲ್ಲೋ ಒಂದು ದಿನದಲ್ಲೋ ಬೆಲೆ ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು, ಮಧ್ಯೆ ಎಷ್ಟು ಮೇಲೆ ಹೋಯ್ತು, ಎಷ್ಟು ಕೆಳಗೆ ಬಂತು, ಈ ನಾಲ್ಕನ್ನೂ ಒಂದು ಮೇಣದಬತ್ತಿ ಆಕಾರದಲ್ಲಿ ತೋರಿಸ್ತಾರೆ. ಅದೇ ಕ್ಯಾಂಡಲ್. ಇದು ಕಂಪ್ಯೂಟರ್ ಕಾಲದ್ದಲ್ಲ. 18ನೇ ಶತಮಾನದ ಜಪಾನಿನ ಅಕ್ಕಿ ವ್ಯಾಪಾರಿ ಹೊಮ್ಮಾ ಮುನೆಹಿಸಾ ಅವರ ಹೆಸರಿಗೆ ಇದನ್ನ ಜೋಡಿಸಿ ಹೇಳ್ತಾರೆ. ಅಂದ್ರೆ ನಮ್ಮ ಹರಿಹರ, ದಾವಣಗೆರೆ ಕಡೆಯವರಿಗೆ ಚೆನ್ನಾಗಿ ಗೊತ್ತಿರೋ ಅಕ್ಕಿ ವ್ಯಾಪಾರದಲ್ಲೇ ಹುಟ್ಟಿದ್ದು. ಅಮೆರಿಕದಲ್ಲಿ 1948ರಲ್ಲಿ ಎಡ್ವರ್ಡ್ಸ್ ಮತ್ತು ಮ್ಯಾಗೀ ಅನ್ನೋರು ಷೇರು ಬೆಲೆಯ ಆಕಾರಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. "ಹೆಡ್ ಅಂಡ್ ಶೋಲ್ಡರ್ಸ್", "ಟ್ರಯಾಂಗಲ್", "ಡಬಲ್ ಬಾಟಮ್" ಅಂತ ನೀವು ಯೂಟ್ಯೂಬ್‌ನಲ್ಲಿ ಕೇಳೋ ಮಾತುಗಳೆಲ್ಲ ಬಿಟ್‌ಕಾಯಿನ್‌ಗಿಂತ ಎಷ್ಟೋ ಹಳೆಯವು. ಹಿಂದೆ ಆದದ್ದನ್ನ ಬರೆದಿಟ್ಟ ಚಿತ್ರ ಇದು. ಚಿತ್ರ ನೋಡೋದರಲ್ಲಿ ಪಾಪ ಎಲ್ಲಿದೆ?

ಈಗ ಮತ್ತಾಯ 16ಕ್ಕೆ ಬನ್ನಿ. ಫರಿಸಾಯರು ಆಕಾಶದಿಂದ ಒಂದು ಗುರುತು ತೋರಿಸು ಅಂತ ಕೇಳಿದಾಗ ಯೇಸುಸ್ವಾಮಿ ಏನಂದರು? ಸಂಜೆ ಬಾನು ಕೆಂಪಾದರೆ ನಾಳೆಯ ಹವಾಮಾನ ಹೇಗಿರುತ್ತೆ ಅಂತ ನಿಮಗೆ ಗೊತ್ತಾಗುತ್ತಲ್ಲ ಅಂದರು. ಆಕಾಶ ನೋಡಿದ್ದಕ್ಕೆ ಅವರನ್ನ ಬೈಯಲಿಲ್ಲ. ಅದು ಗೊತ್ತಿದ್ದೂ ತಮ್ಮ ಕಾಲದಲ್ಲಿ ದೇವರು ಮಾಡ್ತಿರೋದು ಕಾಣ್ತಿಲ್ಲವಲ್ಲ ಅಂತ ಬೈದರು. ಹಾಗಾಗಿ ಗುರುತು ನೋಡಿ ಅಂದಾಜು ಮಾಡೋದು ತಪ್ಪಲ್ಲ. ನಮ್ಮ ರೈತ ಮೋಡ ನೋಡಿ ಬಿತ್ತನೆ ಮಾಡ್ತಾನೆ, ಭದ್ರಾ ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ತಿಳ್ಕೊಂಡು ಭತ್ತ ನಾಟಿ ಮಾಡ್ತಾನೆ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟು ವಿಚಾರಿಸಿ ಲೋಡು ತರ್ತಾನೆ. ಅದಕ್ಕೆ ನಾವು ವಿವೇಕ ಅಂತೀವಿ. ಶಕುನ ಅನ್ನಲ್ಲ.

ಹಾಗಾದ್ರೆ ಚಾರ್ಟ್ ನೋಡೋನೂ ಮೋಡ ನೋಡೋನೂ ಒಂದೇನಾ? ಇಲ್ಲೇ ಸ್ವಲ್ಪ ನಿಲ್ಲಬೇಕು.

ನೀವು ಮೋಡ ನೋಡಿದ್ರೂ, ನೋಡದಿದ್ರೂ ಮಳೆ ತನ್ನ ಪಾಡಿಗೆ ಬರುತ್ತೆ. ದಾವಣಗೆರೆಯ ಅಷ್ಟೂ ಜನ ಆಕಾಶ ನೋಡಿದ್ರೂ ಮೋಡಕ್ಕೆ ಅದು ಗೊತ್ತಿಲ್ಲ. ಆದ್ರೆ ಬೆಲೆ ಹಾಗಲ್ಲ. ಬೆಲೆ ಅನ್ನೋದು ನೋಡೋರಿಂದಲೇ ಆಗಿರೋದು. ಚಾರ್ಟಿನಲ್ಲಿರೋದು ಜನರ ಆಸೆ, ಜನರ ಭಯ, ಅವುಗಳ ಹೆಜ್ಜೆ ಗುರುತು. ಒಂದೇ ಗೆರೆಯನ್ನ ಸಾವಿರಾರು ಜನ ನೋಡಿ "ಇದು ಸಪೋರ್ಟ್, ಇದರ ಕೆಳಗೆ ಹೋಗಲ್ಲ" ಅಂದ್ಕೊಂಡ್ರೆ, ಎಲ್ಲರೂ ಸ್ಟಾಪ್‌ಲಾಸ್‌ನ ಆ ಗೆರೆಯ ಕೆಳಗೇ ಇಟ್ಟಿರ್ತಾರೆ. ದೊಡ್ಡ ದುಡ್ಡಿರೋನಿಗೆ ಅದು ಗೊತ್ತು. ಬೆಲೆಯನ್ನ ಒಂದು ಕ್ಷಣ ಅಲ್ಲಿಗೆ ತಳ್ಳಿದ್ರೆ ಎಲ್ಲರ ನಾಣ್ಯ ಅಗ್ಗಕ್ಕೆ ಸಿಗುತ್ತೆ. ಮೋಡ ನಿಮ್ಮನ್ನ ತಿರುಗಿ ನೋಡಲ್ಲ. ಮಾರ್ಕೆಟ್ಟು ತಿರುಗಿ ನೋಡುತ್ತೆ. ಇದು ಮೊದಲ ವ್ಯತ್ಯಾಸ.

ಎರಡನೇದು ನಮ್ಮ ಕಣ್ಣಿನ ವಿಷಯ. 1959ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್ ಅನ್ನೋ ಪ್ರೊಫೆಸರ್ ಒಂದು ಕೆಲಸ ಮಾಡಿದರು. ಮಾರ್ಕೆಟ್ಟಿಗೆ ಸಂಬಂಧವೇ ಇಲ್ಲದ, ಲಾಟರಿ ಎತ್ತಿದ ಹಾಗೆ ಬಂದ ಅಂಕಿಗಳನ್ನ ಒಂದರ ಮೇಲೊಂದು ಕೂಡಿಸ್ತಾ ಗೆರೆ ಎಳೆದರು. ಬಂದ ಚಿತ್ರ ಷೇರು ಚಾರ್ಟಿನ ಹಾಗೇ ಇತ್ತು. ಅದರಲ್ಲೂ ತಲೆ ಭುಜದ ಆಕಾರ ಕಾಣಿಸ್ತು. ಯಾರೂ ಬರೆಯದ ಕಡೆ ನಮ್ಮ ಕಣ್ಣು ಅಕ್ಷರ ಓದುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಡ. ಆದ್ರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2000ನೇ ಇಸವಿಯಲ್ಲಿ ಆಂಡ್ರ್ಯೂ ಲೋ ಮತ್ತು ಜೊತೆಗಾರರು ಅಮೆರಿಕದ ಷೇರುಗಳನ್ನ ಕಂಪ್ಯೂಟರಿಗೆ ಕೊಟ್ಟು ಪರೀಕ್ಷೆ ಮಾಡಿದಾಗ, ಕೆಲವು ಆಕಾರಗಳಲ್ಲಿ ಒಂದಿಷ್ಟು ಮಾಹಿತಿ ಇರಬಹುದು ಅಂತ ಕಂಡುಬಂತು. ಅದರಿಂದ ಲಾಭ ಗ್ಯಾರಂಟಿ ಅಂತ ಅವರು ಹೇಳಲಿಲ್ಲ. ಹಾಗಾಗಿ "ಚಾರ್ಟೆಲ್ಲ ಸುಳ್ಳು" ಅಂತ ವೇದಿಕೆಯಿಂದ ನಾನು ಕೂಗೋದಿಲ್ಲ. ಸುಳ್ಳನ್ನ ಸುಳ್ಳಿನಿಂದ ಎದುರಿಸೋಕೆ ನಮಗೆ ಅಪ್ಪಣೆ ಇಲ್ಲ.

ಈಗ ಧರ್ಮೋಪದೇಶಕಾಂಡ 18. ಇಸ್ರಾಯೇಲ್ಯರಿಗೆ ಒಂದು ಕಷ್ಟದ ಪ್ರಶ್ನೆ ಇತ್ತು. ಒಬ್ಬ ಪ್ರವಾದಿ ಬಂದು ದೇವರ ಹೆಸರಲ್ಲಿ ಮಾತಾಡ್ತಾನೆ, ಅದು ದೇವರ ಮಾತೋ ಅಲ್ಲವೋ ಹೇಗೆ ತಿಳಿಯೋದು? ಮೋಶೆ ಕೊಟ್ಟ ಉತ್ತರ ಸರಳ. ಹೇಳಿದ್ದು ನಡೀತಾ ನೋಡಿ. ನಡೀಲಿಲ್ವಾ, ಅದು ದೇವರಿಂದ ಬಂದದ್ದಲ್ಲ, ಅವನಿಗೆ ಹೆದರಬೇಡಿ. ಗಮನಿಸಿ, ದೇವರು ತನ್ನ ಹೆಸರಲ್ಲಿ ಬಂದ ಮಾತಿಗೇ ಪರೀಕ್ಷೆ ಇಟ್ಟಿದ್ದಾನೆ. ಹಾಗಿರುವಾಗ ಟೆಲಿಗ್ರಾಂ ಗ್ರೂಪಿನಲ್ಲಿ ಕ್ಯಾಂಡಲ್ ತೋರಿಸಿ ಸಿಗ್ನಲ್ ಕೊಡೋನಿಗೆ ಪರೀಕ್ಷೆ ಬೇಡವಾ?

ಚಾರ್ಟ್ ಹೇಳೋರ ಮಾತನ್ನ ಗಮನ ಇಟ್ಟು ಕೇಳಿ. ಮೇಲೆ ಹೋಗುತ್ತೆ ಅಂದಿದ್ದು ಮೇಲೆ ಹೋದ್ರೆ "ನೋಡಿ, ಬ್ರೇಕೌಟ್ ಆಯ್ತು" ಅಂತಾರೆ. ಕೆಳಗೆ ಬಿದ್ರೆ "ಅದು ಫೇಕ್ ಬ್ರೇಕೌಟು" ಅಂತಾರೆ. ಅಲ್ಲೇ ನಿಂತ್ರೆ "ಕನ್ಸಾಲಿಡೇಶನ್ ನಡೀತಿದೆ" ಅಂತಾರೆ. ಮೂರಕ್ಕೂ ಹೆಸರಿದೆ. ಹಾಗಾಗಿ ಎಂದೂ ಸೋಲೇ ಇಲ್ಲ. ಏನಾದ್ರೂ ಸರಿ ಅನ್ನಿಸೋ ಮಾತು ಪ್ರವಾದನೆ ಅಲ್ಲ, ವಿದ್ಯೆಯೂ ಅಲ್ಲ. ಅದಕ್ಕೆ ಒಂದು ಸುಲಭದ ಪರೀಕ್ಷೆ ಮಾಡಿ. ಒಂದು ನೋಟ್‌ಬುಕ್ ತಗೊಳ್ಳಿ. ದುಡ್ಡು ಹಾಕದೇ ನೂರು ಸಲ ಬರೀರಿ: ಇವತ್ತಿನ ತಾರೀಖು, ಕಂಡ ಆಕಾರ, ಎಷ್ಟು ದಿನದಲ್ಲಿ ಎಲ್ಲಿಗೆ ಹೋಗುತ್ತೆ, ಎಲ್ಲಿಗೆ ಬಂದ್ರೆ ನನ್ನ ಮಾತು ತಪ್ಪು. ಆಮೇಲೆ ಯಾವ ಹೊಸ ಹೆಸರನ್ನೂ ಇಡದೆ ಲೆಕ್ಕ ಹಾಕಿ. ಈ ನೋಟ್‌ಬುಕ್ ಇಡೋಕೆ ಮನಸ್ಸಿಲ್ಲ, ಆದ್ರೆ ಸಂಬಳ ಹಾಕೋಕೆ ಮನಸ್ಸಿದೆ ಅಂದ್ರೆ, ನಿಮಗೆ ಬೇಕಾಗಿರೋದು ಸತ್ಯ ಅಲ್ಲ ಅಂತ ನಿಮಗೇ ಗೊತ್ತಾಗುತ್ತೆ.

ಪ್ರಿಯರೇ, ಈ ಮಾತು ನಮ್ಮ ಮನೆಯೊಳಗೂ ಬರಬೇಕು. ನಾವು ದೇವರು ಇವತ್ತಿಗೂ ಮಾತಾಡ್ತಾನೆ ಅಂತ ನಂಬೋ ಜನ. ಆ ನಂಬಿಕೆಯಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಹೋಗಲ್ಲ. ಆದ್ರೆ ಅದೇ ಕಾರಣಕ್ಕೆ ನಾವು ಬೇರೆಯವರಿಗಿಂತ ಹೆಚ್ಚು ಎಚ್ಚರ ಇರಬೇಕು. ಎಲ್ಲೆಲ್ಲೂ ಗುರುತು ಹುಡುಕೋ ಅಭ್ಯಾಸ ಇರೋನಿಗೆ ಕ್ಯಾಂಡಲ್ಲಿನಲ್ಲೂ ಗುರುತು ಕಾಣುತ್ತೆ. "ಬೆಳಗ್ಗೆ ಪ್ರಾರ್ಥನೇಲಿ ಸಮಾಧಾನ ಸಿಕ್ತು, ಅದಕ್ಕೇ ಬೈ ಮಾಡಿದೆ" ಅನ್ನೋದನ್ನ ಕೇಳಿದ್ದೀನಿ. ತಮ್ಮಾ, ಪವಿತ್ರಾತ್ಮನು ನಿನಗೆ ಎಂಟ್ರಿ ಪಾಯಿಂಟ್ ಹೇಳೋ ಟಿಪ್ ಸರ್ವೀಸ್ ಅಲ್ಲ. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಶಿಷ್ಯರು ರಾಜ್ಯದ ಕಾಲವನ್ನೇ ಕೇಳಿದರು. ಕಾಲವೂ ಸಮಯವೂ ತಂದೆಯ ಕೈಲಿದೆ, ನಿಮ್ಮ ಪಾಲಿಗೆ ಬರೋದು ಬಲ ಮತ್ತು ಸಾಕ್ಷಿಯ ಕೆಲಸ ಅಂತ ಉತ್ತರ ಬಂತು. ದೇವರ ರಾಜ್ಯದ ಸಮಯವನ್ನೇ ಹೇಳದ ಕರ್ತನು ನಾಳೆ ರಾತ್ರಿಯ ಬೆಲೆಯನ್ನ ಹೇಳಿಬಿಡ್ತಾನಾ?

ಇನ್ನೊಂದು ಮಾತು ನಮ್ಮ ಊರಿಗೇ ಸೇರಿದ್ದು. ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದಿದ್ದ ಊರು. ಇಲ್ಲಿ ಬೆಳೆದೋರಿಗೆ ಓ.ಸಿ. ಚೀಟಿ ಅಂದ್ರೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ರೆ ಆ ಮಾತು ಎಲ್ಲಿಂದ ಬಂತು ಗೊತ್ತಾ? ಓಪನ್, ಕ್ಲೋಸ್. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಶುರುವಿನ ರೇಟು, ಮುಕ್ತಾಯದ ರೇಟು ಮುಂಬೈಗೆ ಬರ್ತಿತ್ತು. ಜನ ಅದರ ಮೇಲೆ ಬಾಜಿ ಕಟ್ತಿದ್ರು. 1961ರಲ್ಲಿ ಆ ರೇಟು ಬರೋದು ನಿಂತಾಗ ಆಟ ನಿಲ್ಲಲಿಲ್ಲ. ಮಡಕೆಯಿಂದ ಚೀಟಿ ಎತ್ತೋಕೆ ಶುರು ಮಾಡಿದ್ರು, ಅದೇ ಮಟ್ಕಾ. ಅಂದ್ರೆ ಹತ್ತಿ ಹೋಯ್ತು, ಓಪನ್ ಕ್ಲೋಸ್ ಉಳೀತು. ಮಟ್ಕಾ ಆಡೋರ ಹತ್ತಿರವೂ ಚಾರ್ಟ್ ಇರುತ್ತೆ. ಹಳೇ ಅಂಕಿಗಳನ್ನ ಸಾಲಾಗಿ ಬರೆದು, ಇವತ್ತು ಯಾವುದು ಬರುತ್ತೆ ಅಂತ ಕೂತು ಲೆಕ್ಕ ಹಾಕ್ತಾರೆ. ಮಡಕೆಗೆ ನೆನಪಿಲ್ಲ, ಆದ್ರೂ ಲೆಕ್ಕ ಹಾಕ್ತಾರೆ.

"ಬ್ರದರ್, ಕ್ರಿಪ್ಟೋನ ಓ.ಸಿ.ಗೆ ಹೋಲಿಸ್ತೀರಾ?" ಅಂತ ಬೇಜಾರಾಗಬೇಡಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಬಿಟ್‌ಕಾಯಿನ್ ಹಿಂದೆ ಒಂದು ತಂತ್ರಜ್ಞಾನ ಇದೆ. ಭಾರತದ ಮೊದಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ಶುರುವಾದದ್ದು ನಮ್ಮ ತುಮಕೂರಿನಲ್ಲೇ. ಆದ್ರೆ ಒಂದು ಪ್ರಶ್ನೆಯನ್ನ ನೀವೇ ನಿಮಗೆ ಕೇಳ್ಕೊಳ್ಳಿ. ನಿಮ್ಮ ಕೈಯಲ್ಲಿರೋದು ಹತ್ತಿಯಾ, ಬರೀ ಓಪನ್ ಕ್ಲೋಸಾ? ಆ ನಾಣ್ಯ ಏನು, ಯಾಕೆ ಇದೆ ಅಂತ ಎರಡು ನಿಮಿಷ ಹೇಳೋಕೆ ಬರದಿದ್ರೆ, ಬರೀ ಅದರ ಗೆರೆ ಮಾತ್ರ ಗೊತ್ತಿದ್ರೆ, ಹತ್ತಿ ಆಗಲೇ ಹೋಗಿದೆ.

ಗೆರೆ ತೋರಿಸದ ವಿಷಯಗಳೂ ಇವೆ. 2022ರ ಮೇ ತಿಂಗಳಲ್ಲಿ ಲೂನಾ ಅನ್ನೋ ನಾಣ್ಯ ಕೆಲವೇ ದಿನಗಳಲ್ಲಿ ಹತ್ತಿರ ಹತ್ತಿರ ಸೊನ್ನೆಗೆ ಬಂತು. ಎಳೆದಿದ್ದ ಸಪೋರ್ಟ್ ಗೆರೆಗಳೆಲ್ಲ ಮುರಿದುಬಿದ್ದವು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾಯ್ತು. ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ನಾಣ್ಯ ಹೊರಗೆ ತೆಗೆಯೋಕಾಗದೆ ಕೂತರು. ಅದೇ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಮೊದಲ ಸಲ 1 ಲಕ್ಷ ಡಾಲರ್ ದಾಟಿತು. ಚಾರ್ಟ್ ಸರಿಯಾಗೇ ಇತ್ತು. ಬಾಗಿಲಿಗೆ ಬೀಗ ಬಿದ್ದಿತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಪ್ರಶ್ನೆ. ನನ್ನ ಲಾಭ ಯಾರ ದುಡ್ಡು?

ಮೆಕ್ಕೆಜೋಳ ಕೊಂಡು ಕೋಳಿಫಾರಂಗೆ ಮಾರೋ ವ್ಯಾಪಾರಿಗೂ ಲಾಭ ಇದೆ. ಆದ್ರೆ ರೈತನಿಗೆ ದುಡ್ಡು ಸಿಕ್ತು, ಕೋಳಿಗೆ ಮೇವು ಸಿಕ್ತು, ಮಧ್ಯೆ ಹೊತ್ತುಕೊಂಡು ಹೋದವನಿಗೆ ಕೂಲಿ ಸಿಕ್ತು. ಕಂಪನಿಯ ಷೇರು ವರ್ಷಗಟ್ಟಲೆ ಇಟ್ಕೊಂಡ್ರೆ ಕಂಪನಿ ದುಡಿದದ್ದರಲ್ಲಿ ಪಾಲು ಬರಬಹುದು. ಬೆಳಗ್ಗೆ ಕೊಂಡು ಸಂಜೆ ಮಾರೋ ಟ್ರೇಡಿನಲ್ಲಿ ಸಂಜೆಯೊಳಗೆ ಏನೂ ಬೆಳೆದಿಲ್ಲ. ಸಮಯ ನೋಡಿ ಹೊಡೆದ ಆ ಒಂದು ಹೊಡೆತದಲ್ಲಿ ನಾನು ಗೆದ್ದಷ್ಟನ್ನ ಎದುರಿನ ಇನ್ನೊಬ್ಬ ಬಿಟ್ಟುಕೊಟ್ಟಿದ್ದಾನೆ, ಮಧ್ಯೆ ಕಮಿಷನ್ ಬೇರೆ. "ಅವನು ಇಷ್ಟಪಟ್ಟೇ ಬಂದಿದ್ದಾನೆ" ಅನ್ನಬಹುದು. ಓ.ಸಿ. ಬರೆಸೋನೂ ಇಷ್ಟಪಟ್ಟೇ ಬರ್ತಾನೆ. ಪ್ರತಿ ಟ್ರೇಡೂ ಕಳ್ಳತನ ಅಂತ ನಾನು ತೀರ್ಪು ಕೊಡ್ತಿಲ್ಲ. ಆದ್ರೆ ನೆರೆಯವನನ್ನ ಪ್ರೀತಿಸು ಅನ್ನೋ ಆಜ್ಞೆ ಇರೋರಿಗೆ ಎದುರಿಗೆ ಕೂತಿರೋನು ಯಾರು ಅಂತ ಕೇಳೋ ಜವಾಬ್ದಾರಿ ಇದೆ. ಅವನು ದೊಡ್ಡ ಕಂಪ್ಯೂಟರ್ ಇಟ್ಟುಕೊಂಡಿರೋ ಕಂಪನಿ ಆದ್ರೆ, ತಮ್ಮಾ, ಊಟ ನೀನೇ. ಅವನೂ ನಿನ್ನ ಹಾಗೆ ಸಾಲ ಮಾಡಿ ಬಂದ ಹುಡುಗ ಆದ್ರೆ, ನೀನು ಕೇಳ್ತಿರೋ ಆಶೀರ್ವಾದ ಅವನ ತಾಯಿಯ ಕಣ್ಣೀರು.

ಇದು ಹೆದರಿಸೋ ಮಾತಲ್ಲ, ಲೆಕ್ಕ ಇದೆ. ಬ್ಯಾಂಕುಗಳ ಬ್ಯಾಂಕು ಅನ್ನಿಸಿಕೊಂಡ ಬಿ.ಐ.ಎಸ್. 2022ರಲ್ಲಿ 95 ದೇಶಗಳ ಮಾಹಿತಿ ನೋಡಿ ಹೇಳಿದ್ದು, ಬಿಟ್‌ಕಾಯಿನ್‌ಗೆ ಬಂದ ಸಾಮಾನ್ಯ ಜನರಲ್ಲಿ ಸುಮಾರು ಮುಕ್ಕಾಲು ಪಾಲು ನಷ್ಟ ಅನುಭವಿಸಿರಬೇಕು ಅಂತ. ನಮ್ಮ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಲೆಕ್ಕ ಕೊಟ್ಟಿತು. ಅದು ಕ್ರಿಪ್ಟೋ ಅಲ್ಲ, ಆದ್ರೆ ಚಾರ್ಟ್ ಹಿಡಿದು ಹೋಗೋ ಹುಡುಗರು ಅಲ್ಲೂ ಅದೇ ಹುಡುಗರು. ಮೂರು ವರ್ಷದಲ್ಲಿ 100ಕ್ಕೆ 93 ಜನ ಕಳ್ಕೊಂಡಿದ್ರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಲೂಕ 14ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಎಣಿಸ್ತಾನೆ. ಬನ್ನಿ, ನಾವೂ ಎಣಿಸೋಣ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇಕಡ 30 ತೆರಿಗೆ, ಅದರ ಮೇಲೆ ಶೇಕಡ 4 ಸೆಸ್. ಒಂದು ಟ್ರೇಡಿನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಈಗ ಹತ್ತು ಟ್ರೇಡ್ ಮಾಡಿದ್ರಿ ಅಂದ್ಕೊಳ್ಳಿ. ಐದರಲ್ಲಿ ತಲಾ 2,000 ಬಂತು, ಐದರಲ್ಲಿ ತಲಾ 2,000 ಹೋಯ್ತು. ಕೈಯಲ್ಲಿ ಉಳಿದದ್ದು ಸೊನ್ನೆ. ಆದ್ರೆ ತೆರಿಗೆ 10,000ದ ಮೇಲೆ, ಅಂದ್ರೆ 3,120 ರೂಪಾಯಿ. ಗೆಲುವೂ ಸೋಲೂ ಒಂದೇ ಅಳತೆಯದಾದ್ರೆ, ಬರೀ ಅಸಲು ಉಳಿಸ್ಕೊಳ್ಳೋಕೇ ನೂರರಲ್ಲಿ ಸುಮಾರು 60 ಸಲ ಸರಿ ಹೇಳಬೇಕು. ಮಾರಾಟದ ಮೇಲೆ ಶೇಕಡ 1 ಟಿ.ಡಿ.ಎಸ್., ಕಮಿಷನ್ ಬೇರೆ. ಆ ನೋಟ್‌ಬುಕ್‌ನಲ್ಲಿ ನಿಮ್ಮ ಅಂಕ 60ಕ್ಕಿಂತ ಮೇಲಿದೆಯಾ?

"ಯೋಸೇಫನೂ ಸಮಯ ನೋಡೇ ಧಾನ್ಯ ಕೊಂಡನಲ್ಲ" ಅಂತ ಒಬ್ಬ ತಮ್ಮ ಕೇಳಿದ. ಒಳ್ಳೆ ಪ್ರಶ್ನೆ. ಆದಿಕಾಂಡ 41 ಓದಿ. ಯೋಸೇಫ ಏರಿಳಿತದ ಮೇಲೆ ಆಡಲಿಲ್ಲ, ಸುಭಿಕ್ಷದಲ್ಲಿ ಐದರಲ್ಲಿ ಒಂದು ಪಾಲು ತೆಗೆದಿಟ್ಟ. ಬರದಲ್ಲಿ ಜನ ಬದುಕಲಿ ಅಂತ ತೆಗೆದಿಟ್ಟ. ಅವನ ಸಮಯಜ್ಞಾನದ ಕೊನೆಯಲ್ಲಿ ಅನ್ನ ಇತ್ತು. "ತಲಾಂತಿನ ಸಾಮ್ಯ ಇದೆಯಲ್ಲ, ದುಡ್ಡನ್ನ ಹೂತಿಟ್ಟವನನ್ನ ಯಜಮಾನ ಬೈದನಲ್ಲ" ಅಂತಾರೆ. ಹೌದು, ಆದ್ರೆ ಯಜಮಾನ ಬಹಳ ಕಾಲದ ಮೇಲೆ ಬಂದ ಅಂತ ಅಲ್ಲೇ ಇದೆ. ಆ ಆಳುಗಳು ದುಡಿದದ್ದೂ ಅಷ್ಟು ಕಾಲ. ರಾತ್ರಿ ಮೂರು ಗಂಟೆಗೆ ಎದ್ದು ಕ್ಯಾಂಡಲ್ ನೋಡಲಿಲ್ಲ. ಇನ್ನು ಪ್ರಸಂಗಿ 11ನೇ ಅಧ್ಯಾಯ ಹೇಳೋದು, ಮುಂದೆ ಏನು ಬರುತ್ತೋ ಗೊತ್ತಿಲ್ಲ, ಅದಕ್ಕೇ ಇರೋದನ್ನ ಏಳೆಂಟು ಪಾಲು ಮಾಡು ಅಂತ. ಗೊತ್ತಿಲ್ಲ ಅನ್ನೋದನ್ನ ಒಪ್ಪಿಕೊಂಡವನ ವಿವೇಕ ಅದು. ಗೊತ್ತಿದೆ ಅನ್ನೋನು ಎಲ್ಲವನ್ನೂ ಒಂದೇ ಕಡೆ ಹಾಕ್ತಾನೆ.

ಸಾಕ್ಷಿಯ ಬಗ್ಗೆಯೂ ಒಂದು ಮಾತು. ನಮ್ಮ ಸಭೆಯಲ್ಲಿ ಟ್ರೇಡಿಂಗ್ ಲಾಭದ ಸಾಕ್ಷಿಗೆ ಮೈಕ್ ಕೊಡೋದಿಲ್ಲ. ಲಾಭ ಬಂದವನ ಮೇಲೆ ಹೊಟ್ಟೆಕಿಚ್ಚಲ್ಲ. ಗೆದ್ದ ಒಬ್ಬ ಮುಂದೆ ಬಂದು ಹಲ್ಲೆಲೂಯ ಅಂತಾನೆ. ಸೋತ ಒಂಬತ್ತು ಜನ ಹಿಂದಿನ ಸಾಲಲ್ಲಿ ತಲೆ ತಗ್ಗಿಸಿ ಕೂತಿರ್ತಾರೆ, ಅವರ ಸಾಕ್ಷಿ ಯಾರೂ ಕೇಳಲ್ಲ. ಅರ್ಧ ಹೇಳಿದ ಸಾಕ್ಷಿ ಸುಳ್ಳು ಸಾಕ್ಷಿ ಆಗುತ್ತೆ. ಅದನ್ನ ಕೇಳಿದ ಹತ್ತನೇ ಹುಡುಗ ಸೋಮವಾರ ಆ್ಯಪ್ ಹಾಕ್ಕೊಳ್ತಾನೆ.

ಹಾಗಾದ್ರೆ ನನ್ನ ಉತ್ತರ ಏನು? ಚಾರ್ಟ್ ಓದೋದು ಪಾಪ ಅಲ್ಲ. ಚಾರ್ಟಿಗೆ ನಾಳೆ ಗೊತ್ತಿದೆ ಅಂತ ನಂಬೋದು ವಿಗ್ರಹ. ಕಳ್ಕೊಂಡ್ರೂ ಮನೆಯ ಅಕ್ಕಿ, ಫೀಸು, ಬಾಡಿಗೆ ಅಲ್ಲಾಡದಷ್ಟು ದುಡ್ಡನ್ನ, ಗೊತ್ತಿರೋ ವಸ್ತುವಿಗೆ, ಮನೆಯವರಿಗೆ ಹೇಳಿ ಹಾಕೋದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಸಾಲದ ದುಡ್ಡು, ಅಡವಿಟ್ಟ ಒಡವೆ, ಕದ್ದುಮುಚ್ಚಿದ ಆ್ಯಪ್, ಲೆವರೇಜ್ ಹಾಕಿ ಆಡೋ ಆಟ, ಇವುಗಳಿಗೆ ನಾನು ಬೇಡ ಅಂತ ಸ್ಪಷ್ಟವಾಗಿ ಹೇಳ್ತೀನಿ. ಬೇರೆ ಪರೀಕ್ಷೆ ಬೇಡ ಅನ್ನೋರು ಇದೊಂದನ್ನ ಇಟ್ಕೊಳ್ಳಿ: ನೀವು ಹಾಕಿದ ಟ್ರೇಡನ್ನ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮನ ಎದುರು ಮೊತ್ತ ಸಮೇತ ಹೇಳೋಕಾಗುತ್ತಾ?

ಈಗಾಗಲೇ ಕಳ್ಕೊಂಡು ಕೂತಿರೋರಿಗೆ ಕೊನೇ ಮಾತು. ಕಳೆದದ್ದನ್ನ ಇನ್ನೊಂದು ಟ್ರೇಡಿನಲ್ಲಿ ವಾಪಸ್ ತರ್ತೀನಿ ಅನ್ನೋ ಯೋಚನೆ ಬಂದ ತಕ್ಷಣ ಫೋನ್ ಕೆಳಗಿಡಿ. ಎಷ್ಟು ಸಾಲ, ಯಾರಿಗೆ, ಬಡ್ಡಿ ಎಷ್ಟು, ಒಂದು ಹಾಳೆಯಲ್ಲಿ ಬರ್ಕೊಂಡು ಬನ್ನಿ. ನಾನು ಬೈಯಲ್ಲ, ಯಾರಿಗೂ ಹೇಳಲ್ಲ. ಮನೆಯವರ ಹತ್ತಿರ ಮಾತಾಡೋಕೆ ಜೊತೆಗೆ ಬರ್ತೀನಿ. ಸಾಲಕ್ಕಿಂತ ಗುಟ್ಟು ಜಾಸ್ತಿ ಭಾರ. ಅದನ್ನ ಒಬ್ಬರೇ ಹೊರಬೇಡಿ.

ತಲೆ ಬಾಗಿಸೋಣ. ತಂದೆಯೇ, ನಾಳೆ ನಮಗೆ ಗೊತ್ತಿಲ್ಲ, ನಿನಗೆ ಗೊತ್ತು. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಪಡದ ಮನಸ್ಸು ಕೊಡು. ಈ ಊರಿನ ಹುಡುಗರ ದುಡಿಮೆಗೆ ಸರಿಯಾದ ಕೂಲಿ, ರಾತ್ರಿಗೆ ನಿದ್ದೆ ಕೊಡು. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.